ಗುರುಕಾಣಿಕೆಯ ಪ್ರಮಾಣ

ವಿದ್ಯಾಭ್ಯಾಸವು ಮುಗಿದ ಬಳಿಕ ಶಿಷ್ಯನು ಗುರುವಿಗೆ ಒಪ್ಪಿಸುವ ದ್ರವ್ಯವೇ ಗುರುದಕ್ಷಿಣೆ. ಅದು ವಿದ್ಯೆಯ ಬೆಲೆಯಲ್ಲ. ಆದರೂ ಎಷ್ಟು ಕೊಡಬೇಕೆಂಬ ಪ್ರಶ್ನೆಯು ಪುರಾತನವಾದುದು. ದಸರೆಯ ರಜೆಗೆ ಮುನ್ನವೂ, 1962ರಿಂದ ಆಚರಣೆಯಲ್ಲಿರುವ ಸಪ್ಟಂಬರ 5ರ ಶಿಕ್ಷಕರ ದಿನದಂದೂ ಪಾಲಕರು ಇಂದಿಗೂ ಇದನ್ನೇ ಕೇಳುತ್ತಾರೆ.

ಕಾಳಿದಾಸನ 'ರಘುವಂಶ'ದ ಐದನೆಯ ಸರ್ಗದಲ್ಲಿ ಕೌತ್ಸನ ಪ್ರಸಂಗವಿದೆ. ಗುರುವಾದ ವರತಂತುವು ಶಿಷ್ಯನ ಸೇವೆಯನ್ನೇ ದಕ್ಷಿಣೆಯೆಂದು ಭಾವಿಸಿದ್ದನು. ಕೌತ್ಸನು ಬಿಡದೆ ಪೀಡಿಸಲು, ಕೋಪಗೊಂಡ ಗುರುವು ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಹೊನ್ನನ್ನು ಕೇಳಿದನು. ಯಜ್ಞದಲ್ಲಿ ಸರ್ವಸ್ವವನ್ನೂ ದಾನಮಾಡಿ ಮಣ್ಣಿನ ಪಾತ್ರೆಯೊಂದಿಗೆ ಉಳಿದಿದ್ದ ರಘುರಾಜನಿಗಾಗಿ ಕುಬೇರನು ಹೊನ್ನಿನ ಮಳೆಗರೆದನು. ಕೌತ್ಸನಾದರೋ ಗುರುವಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚನ್ನು ಮುಟ್ಟಲಿಲ್ಲ. ಕಥೆಯನ್ನು ಹೇಳುವವರು ರಘುವಿನ ಔದಾರ್ಯವನ್ನು ಹೊಗಳುವರು. ಗುರುವು ಬೇಡವೆಂದಾಗ ಶಿಷ್ಯನು ನಿಲ್ಲದುದರಿಂದಲೇ ಅಷ್ಟು ದೊಡ್ಡ ಮೊತ್ತ ಹುಟ್ಟಿತೆಂಬುದನ್ನು ಯಾರೂ ಗಮನಿಸರು.

ನಮ್ಮ ಹಳೆಯ ಕೂಲಿಮಠಗಳ ಪದ್ಧತಿ ಬೇರೆ. ಮಹಾನವಮಿಯಲ್ಲಿ ಅಯ್ಯನವರು ಮಕ್ಕಳೊಡನೆ ಮನೆಮನೆಗೆ ಹೋಗಿ ಪದ ಹಾಡಿಸುತ್ತಿದ್ದರು; ಮನೆಯವರು ತಮಗೆ ಕೂಡಿದ ಕಾಳುಕಡಿಯನ್ನೋ ಹಣವನ್ನೋ ನೀಡುತ್ತಿದ್ದರು. ಅಲ್ಲಿ ಕೊಡುವುದು ಊರು. ಇಂಥ ಮಗುವಿನಿಂದ ಇಷ್ಟು ಎಂಬ ಲೆಕ್ಕವಿರಲಿಲ್ಲ. ಬಳ್ಳಾರಿಯ ಕಲೆಕ್ಟರ ಎ. ಡಿ. ಕ್ಯಾಂಪ್‌ಬೆಲ್‌ರು 1823ರಲ್ಲಿ ಆ ಜಿಲ್ಲೆಯ 533 ಶಾಲೆಗಳ ವರದಿಯನ್ನು ಬರೆದಾಗ, ಮಗುವಿನ ಅಕ್ಷರಾಭ್ಯಾಸದ ದಿನ ತಂದೆತಾಯಿಗಳು ತಮ್ಮ ಶಕ್ತ್ಯನುಸಾರ ಗುರುವಿಗೆ ಕಾಣಿಕೆ ನೀಡುವುದನ್ನು ದಾಖಲಿಸಿದರು. ಬಡತನ ಹೆಚ್ಚಿ, ಮಧ್ಯಮ ಹಾಗೂ ಕೆಳವರ್ಗದ ಬಹುಜನರಿಗೆ ಮಕ್ಕಳ ಓದಿನ ವೆಚ್ಚವೇ ಭಾರವಾಗಿದೆಯೆಂದೂ ಅದರಲ್ಲಿಯೇ ಬರೆದರು. ಈ ಎರಡು ಮಾತುಗಳನ್ನು ಜೊತೆಯಾಗಿ ಓದಬೇಕು.

ಏಕೆಂದರೆ ಇಂದಿನ ರೂಢಿಯಲ್ಲಿ ತರಗತಿಯ ಮುಂದಾಳು ಪಟ್ಟಿ ಎತ್ತುತ್ತಾನೆ. ಹೆಸರು ಕರೆದು ಹಣ ಕೂಡಿಸುತ್ತಾರೆ. ಹೊಲದ ಕೂಲಿಯಿಂದಲೋ ಮಗ್ಗದ ಕೂಲಿಯಿಂದಲೋ ದಿನ ನೂಕುವ ಮನೆಯ ಹುಡುಗನು ಅಂದು ತಲೆನೋವೆಂದು ಶಾಲೆಗೆ ಬಾರನು. ಗೈರುಹಾಜರಿಯ ಕಾರಣ ಹಾಜರಿಪುಸ್ತಕದಲ್ಲಿ ಕಾಣದು. ಅತ್ತ ಉಳ್ಳವರ ಮನೆಯಿಂದ ಗಡಿಯಾರ ಬಂದರೆ, ಉಪಾಧ್ಯಾಯನು ಮುಂದೆ ಅವರ ಮಗನ ಉತ್ತರಪತ್ರಿಕೆಯನ್ನು ಎಷ್ಟೇ ನ್ಯಾಯವಾಗಿ ತಿದ್ದಿದರೂ ಜನ ನಂಬುವುದು ಕಷ್ಟ. ಸರಕಾರವು ತನ್ನ ನೌಕರರ ನಡತೆಯ ನಿಯಮಗಳಲ್ಲಿ ಉಡುಗೊರೆಗೆ ಮಿತಿ ಹಾಕಿರುವುದು ಸುಮ್ಮನಲ್ಲ.

ಹಾಗಾದರೆ ಎಷ್ಟು? ರಾಮಥಾಳ, ಹುನಗುಂದ, ಇಳಕಲ್ಲುಗಳ ಈ ಸೀಮೆಯಲ್ಲಿ ಉತ್ತರವು ಸಿದ್ಧವಾಗಿಯೇ ಇದೆ. ವಿಜಯದಶಮಿಯಂದು ಕಿರಿಯರು ಹಿರಿಯರ ಕೈಗೆ ಬನ್ನಿಯೆಲೆಯನ್ನಿತ್ತು ಕಾಲಿಗೆರಗುತ್ತಾರೆ. ಅದನ್ನು ಬಂಗಾರವೆಂದೇ ಕರೆಯುತ್ತಾರೆ. ಕುಬೇರನ ಹೊನ್ನು ಬನ್ನಿಯ ಮರದ ಮೇಲೆ ಸುರಿಯಿತೆಂದು ಜನಪದರು ಹೇಳುವರು. ಸಂಕ್ರಮಣಕ್ಕೆ ಒಂದು ಚಿಟಿಕೆ ಕುಸುರೆಳ್ಳು. ಸಾಹುಕಾರನ ಮಗನಿಗೂ ಆಳುಮಗನ ಮಗನಿಗೂ ಒಂದೇ ಅಳತೆ.

ಇದಕ್ಕಿಂತ ಹೆಚ್ಚು ಕೊಡುವ ಮನಸ್ಸುಳ್ಳ ಪಾಲಕರೂ ಹಳೆಯ ವಿದ್ಯಾರ್ಥಿಗಳೂ ಗುರುಗಳ ಹೆಸರಿನಲ್ಲಿ ಶಾಲೆಯ ಗ್ರಂಥಾಲಯಕ್ಕೊಂದು ನಿಘಂಟನ್ನು ಕೊಡಿಸಬಹುದು. ತರಗತಿಯವರು ಕೂಡಿ ಕೊಡುವುದಾದರೆ ಮುಚ್ಚಿದ ಡಬ್ಬಿಯಿರಲಿ. ಹೆಸರಿನ ಪಟ್ಟಿ ಬೇಡ. ಅದಕ್ಕೆ ಏನೂ ಹಾಕದವನ ಬನ್ನಿಯನ್ನು ಉಪಾಧ್ಯಾಯರು ಮೊದಲು ಸ್ವೀಕರಿಸಲಿ.