ಯಂತ್ರ ಎಚ್ಚರಗೊಳ್ಳುವ ಮುನ್ನ

2023ರ ಡಿಸೆಂಬರ್ 9, ಶನಿವಾರ. ಜಗತ್ತಿನ ನಾನಾ ಮೂಲೆಗಳಲ್ಲಿ ಕುಳಿತು ‘ಡೆಬಿಯನ್’ ಎಂಬ ಗಣಕ ವ್ಯವಸ್ಥೆಯನ್ನು ಕಟ್ಟಿ ಉಚಿತವಾಗಿ ಹಂಚುವ ಸ್ವಯಂಸೇವಕರಿಗೆ ಅದು ಸಂತೋಷದ ದಿನವಾಗಬೇಕಾಗಿತ್ತು. ಅವರ 12.3ನೆಯ ಪರಿಷ್ಕೃತ ಆವೃತ್ತಿ ಅಂದು ಹೊರಬೀಳುವುದಿತ್ತು. ಹೊರಬಿದ್ದದ್ದು ಬೇರೊಂದು ಪ್ರಕಟಣೆ: ಹೊಸ ಕರ್ನೆಲ್ 6.1.64ರಲ್ಲಿ ದೋಷವೊಂದು ಕಂಡುಬಂದಿದೆ. ಅದು ಡಿಸ್ಕಿನ ಮೇಲಿನ ಕಡತಗಳನ್ನು ಕೆಡಿಸಬಲ್ಲದು. ಆದುದರಿಂದ ಬಿಡುಗಡೆಯನ್ನು ತಡೆಹಿಡಿಯಲಾಗಿದೆ.

ತಡೆದದ್ದೇನೋ ಸರಿ. ಆದರೆ ಆ ವೇಳೆಗಾಗಲೇ ಆ ಕರ್ನೆಲ್ ಅನೇಕರ ಯಂತ್ರಗಳನ್ನು ಹೊಕ್ಕಿತ್ತು.

ಯಂತ್ರವೇ ಕೆಟ್ಟು ನಿಂತರೆ ಅದು ಕಣ್ಣಿಗೆ ಕಾಣುವ ಕೇಡು, ರಿಪೇರಿಯವನನ್ನು ಕರೆದರಾಯಿತು. ಈ ಕೇಡಿನ ಬಗೆಯೇ ಬೇರೆ. ತೆರೆಯ ಮೇಲೆ ಎಲ್ಲವೂ ಎಂದಿನಂತೆ ನಡೆಯುತ್ತಿರುವಾಗಲೇ, ಅಂದು ಬರೆದಿಟ್ಟ ಲೆಕ್ಕವು ಗೆದ್ದಲು ಹಿಡಿದ ತೊಲೆಯಂತೆ ಒಳಗೊಳಗೇ ಹಾಳಾಗಬಹುದು. ಡಿಸ್ಕಿಗೆ ಒಂದು ವಿಶೇಷ ರೀತಿಯಲ್ಲಿ ನೇರವಾಗಿ ಬರೆಯುವ ತಂತ್ರಾಂಶಗಳಿಗೆ ಮಾತ್ರವೇ ಇದರ ಪೆಟ್ಟು ತಗಲುವುದೆಂಬುದು ನಿಜ. ಆದರೆ ಯಾವುದು ಹಾಗೆ ಬರೆಯುತ್ತದೆಂದು ಮನೆಯಲ್ಲಿ ಕುಳಿತವನಿಗೆ ತಿಳಿಯುವುದೆಂತು? ತಪ್ಪಿನ ಮೂಲವಾದರೋ ಬಹು ಸಣ್ಣದು. ಮುಂದಿನ ಆವೃತ್ತಿಗೆಂದು ಮಾಡಿದ ಒಂದು ತಿದ್ದುಪಡಿಯನ್ನು ಹಳೆಯ ಆವೃತ್ತಿಗೂ ತರುವಾಗ, ಅದರೊಡನೆ ಬರಬೇಕಾಗಿದ್ದ ಮತ್ತೊಂದು ತಿದ್ದುಪಡಿ ಹಿಂದೆಯೇ ಉಳಿದುಬಿಟ್ಟಿತ್ತು.

ಹಾಗಿದ್ದರೂ ಅಂದು ಯಾರೂ ದಿಕ್ಕೆಟ್ಟು ಕೂರಬೇಕಾಗಿರಲಿಲ್ಲ. ಹೊಸ ಕರ್ನೆಲ್ ಬಂದಾಗ ಹಳೆಯದು ಮನೆ ಬಿಟ್ಟು ಹೋಗಿರಲಿಲ್ಲ! ಅದೇ ಡಿಸ್ಕಿನಲ್ಲಿ, ಪಕ್ಕದಲ್ಲಿಯೇ, ಕರೆದರೆ ಬರಲು ಸಿದ್ಧವಾಗಿ ಕುಳಿತಿತ್ತು.

ಕರ್ನೆಲ್ ಎಂದರೆ ತಿರುಳು. ಗಣಕಯಂತ್ರದಲ್ಲಿ ಓಡುವ ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದ ಸ್ಮೃತಿ, ಡಿಸ್ಕಿನ ಸ್ಥಳ, ಜಾಲದ ಸಂಪರ್ಕ ಎಲ್ಲವನ್ನೂ ಇದರಿಂದಲೇ ಬೇಡಿ ಪಡೆಯಬೇಕು. ಕೂಡುಕುಟುಂಬದಲ್ಲಿ ಉಗ್ರಾಣದ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿಯಿದ್ದಂತೆ. ‘ಲಿನಕ್ಸ್’ ಎಂಬ ಕರ್ನೆಲ್ಲನ್ನು ಬರೆಯುತ್ತಿರುವುದಾಗಿ 1991ರ ಆಗಸ್ಟ್ 25ರಂದು ಸಾರಿದವನು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಈಗ ಒಂಬತ್ತು ಹತ್ತು ವಾರಗಳಿಗೊಮ್ಮೆ ಅದರ ಹೊಸ ಆವೃತ್ತಿ ಬರುತ್ತದೆ. ಇಷ್ಟು ಬೇಗ ಬೇಗ ಬದಲಾಗುವ ತಿರುಳಿನಲ್ಲಿ ಒಮ್ಮೊಮ್ಮೆ ಹುಳುಕು ಕಾಣುವುದು ಸೋಜಿಗವಲ್ಲ.

ಈ ತಿರುಳು ಎಚ್ಚರಗೊಳ್ಳುವ ಬಗೆಯಲ್ಲಿಯೇ ಒಂದು ಒಗಟು ಉಂಟು. ಡಿಸ್ಕಿನ ಕಡತಗಳನ್ನು ಓದಿಕೊಡುವುದು ಕರ್ನೆಲ್ಲಿನ ಕೆಲಸ. ಆದರೆ ಕರ್ನೆಲ್ ತಾನೇ ಡಿಸ್ಕಿನ ಮೇಲಿರುವ ಒಂದು ಕಡತ! ಅದನ್ನು ಓದುವವರಾರು? ತನ್ನ ಹೆಗಲನ್ನು ತಾನೇ ಏರುವಂಥ ಈ ಸಂಕಟವನ್ನು ಬಿಡಿಸಲು ಒಂದು ಪುಟ್ಟ ತಂತ್ರಾಂಶವನ್ನು ಮೊದಲು ಎಬ್ಬಿಸುತ್ತಾರೆ. ಹಳೆಯ ಬಗೆಯ ಯಂತ್ರಗಳಲ್ಲಿ ಅದಕ್ಕೆ ದೊರೆಯುತ್ತಿದ್ದುದು ಡಿಸ್ಕಿನ ಮೊದಲ 512 ಬೈಟುಗಳಲ್ಲಿ 446 ಬೈಟುಗಳಷ್ಟು ಜಾಗ. ಇಂಗ್ಲಿಷಿನಲ್ಲಿ ಒಂದು ಪೋಸ್ಟ್ ಕಾರ್ಡ್ ಬರೆದರೆ ಮುಗಿದುಹೋಗುವಷ್ಟು. ಅಷ್ಟರಲ್ಲಿಯೇ ಅದು ತನಗಿಂತ ದೊಡ್ಡ ತಂತ್ರಾಂಶವನ್ನು ಕರೆತರಬೇಕು, ಅದು ಬಂದು ಕರ್ನೆಲ್ಲನ್ನು ಎಬ್ಬಿಸಬೇಕು.

ಮೊದಮೊದಲು ಲಿನಕ್ಸಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ನಡೆಸುತ್ತಿದ್ದುದು ‘ಲಿಲೋ’. ಅದಕ್ಕೆ ಕಡತಗಳ ಹೆಸರು ತಿಳಿಯದು. ಡಿಸ್ಕಿನ ಯಾವ ಯಾವ ತುಣುಕಿನಲ್ಲಿ ಕರ್ನೆಲ್ ಇದೆಯೆಂಬ ಪಟ್ಟಿಯನ್ನಷ್ಟೇ ಬಲ್ಲದು. ಕರ್ನೆಲ್ ಬದಲಾದಾಗಲೆಲ್ಲ ಆ ಪಟ್ಟಿಯನ್ನು ಹೊಸದಾಗಿ ಬರೆಯಿಸಬೇಕು. ಮರೆತವನ ಯಂತ್ರ ಮರುದಿನ ಬೆಳಗ್ಗೆ ಏಳದೆ ಹೋಗಬಹುದಿತ್ತು. ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ತೆರೆಯ ಮೇಲೆ ಮೂಡಿಸುತ್ತ ಅದು ಮುಂದುವರಿಯುತ್ತಿತ್ತು. ಯಾವ ಅಕ್ಷರದಲ್ಲಿ ನಿಂತಿತೋ ಅದರಿಂದ ಕೆಟ್ಟದ್ದೆಲ್ಲಿ ಎಂದು ಊಹಿಸಬೇಕು. ಎಷ್ಟು ಜನ ಆ ಎರಡು ಅಕ್ಷರಗಳನ್ನು ನೋಡುತ್ತ ರಾತ್ರಿ ಕಳೆದಿದ್ದಾರೋ!

ಇದಕ್ಕಿಂತ ಉದಾರವಾದ ದ್ವಾರಪಾಲಕನನ್ನು ನಿರ್ಮಿಸಿದವನು ಎರಿಕ್ ಬೋಲಿನ್. 1995ರಲ್ಲಿ ಅವನ ಚಿಂತೆ ಲಿನಕ್ಸ್ ಆಗಿರಲಿಲ್ಲ. ‘ಹರ್ಡ್’ ಎಂಬ ಬೇರೊಂದು ವ್ಯವಸ್ಥೆಯನ್ನು ಎಬ್ಬಿಸುವುದಾಗಿತ್ತು. ಇದ್ದ ಸಾಧನವೊಂದನ್ನು ತಿದ್ದಲು ಹೊರಟು, ಅದಕ್ಕಿಂತ ಹೊಸದನ್ನು ಬರೆಯುವುದೇ ಸುಲಭವೆಂದು ಕಂಡುಕೊಂಡ. ಹಾಗೆ ಹುಟ್ಟಿದ್ದು ‘ಗ್ರಬ್’. ಅದು ಡಿಸ್ಕಿನ ಕಡತಗಳನ್ನು ಹೆಸರು ಹಿಡಿದು ಹುಡುಕಬಲ್ಲದು. ಹರ್ಡ್ ಇಂದಿಗೂ ವಿರಳ. ಗ್ರಬ್ ಮಾತ್ರ ಲೆಕ್ಕವಿಲ್ಲದಷ್ಟು ಲಿನಕ್ಸ್ ಯಂತ್ರಗಳ ಬಾಗಿಲಲ್ಲಿ ನಿಂತಿದೆ.

ಡೆಬಿಯನ್ ಯಂತ್ರದಲ್ಲಿ ಈ ಗ್ರಬ್ ಸಾಮಾನ್ಯವಾಗಿ ಐದು ಸೆಕೆಂಡು ಕಾಯುತ್ತದೆ. ಯಾರೂ ಮಾತನಾಡದಿದ್ದರೆ ಪಟ್ಟಿಯಲ್ಲಿ ಮೊದಲಿರುವ ಹೊಸ ಕರ್ನೆಲ್ಲನ್ನು ಎಬ್ಬಿಸುತ್ತದೆ. ಆ ಐದು ಸೆಕೆಂಡುಗಳೊಳಗೆ ಬಾಣದ ಗುರುತಿನ ಕೀಲಿಯನ್ನು ಒತ್ತಿದರೆ ಅದು ಎಷ್ಟು ಹೊತ್ತಾದರೂ ಕಾಯಬಲ್ಲದು. ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಸಾಲಿನೊಳಗೆ ಹೊಕ್ಕರೆ ಇರುವ ಕರ್ನೆಲ್ಲುಗಳೆಲ್ಲ ಸಾಲಾಗಿ ಕಾಣುತ್ತವೆ. ಬೇಕಾದುದನ್ನು ಆರಿಸಿ ಎಂಟರ್ ಒತ್ತಿದರಾಯಿತು. ಉಬುಂಟು ಈ ಪಟ್ಟಿಯನ್ನು ಮರೆಯಲ್ಲಿಡುತ್ತದೆ. ಅಲ್ಲಿ ಹಳೆಯ ಯಂತ್ರವಾದರೆ ಶಿಫ್ಟ್ ಕೀಲಿಯನ್ನು ಹಿಡಿದಿರಬೇಕು, ಹೊಸದಾದರೆ ಎಸ್ಕೇಪ್ ಒತ್ತಬೇಕು. ಆಯ್ಕೆ ಸಾಮಾನ್ಯವಾಗಿ ಆ ಒಂದು ಸಲಕ್ಕಷ್ಟೇ. ಮುಂದಿನ ಸಲ ಮೊದಲಿನ ಕ್ರಮವೇ.

ಕರ್ನೆಲ್ ಹಳೆಯದಾದರೂ ಮಿಕ್ಕ ತಂತ್ರಾಂಶಗಳೆಲ್ಲ ಹೇಗೆ ಸುಗಮವಾಗಿ ನಡೆಯುತ್ತವೆ? ಇದರ ಹಿಂದೆ ಟೋರ್ವಾಲ್ಡ್ಸ್‌ನ ಕಠಿಣ ಕಟ್ಟಳೆಯೊಂದಿದೆ: ಕರ್ನೆಲ್ಲಿನೊಳಗೆ ಏನನ್ನಾದರೂ ಬದಲಿಸಿ, ಆದರೆ ಅದನ್ನು ನಂಬಿದ ತಂತ್ರಾಂಶಗಳು ಮುರಿಯಕೂಡದು. ಅಜ್ಜಿ ಬದಲಾದರೂ ಅಡಿಗೆಮನೆಯ ಪದ್ಧತಿ ಕದಲಕೂಡದು. ಈ ಕಟ್ಟಳೆಯಿಲ್ಲದಿದ್ದರೆ ಆ ಪಟ್ಟಿ ಕೇವಲ ಅಲಂಕಾರವಾಗಿ ಉಳಿಯುತ್ತಿತ್ತು.

ದೂರದ ಊರಿನಲ್ಲಿರುವ, ಕೀಲಿಮಣೆಯ ಮುಂದೆ ಯಾರೂ ಇಲ್ಲದ ಯಂತ್ರಗಳಿಗೂ ಒಂದು ಉಪಾಯವುಂಟು. ಹೊಸ ಕರ್ನೆಲ್ಲನ್ನು ಒಂದೇ ಒಂದು ಸಲ ಪ್ರಯತ್ನಿಸುವಂತೆ ಗ್ರಬ್‌ಗೆ ಹೇಳಿಟ್ಟು, ಕರ್ನೆಲ್ ಕುಸಿದರೆ ಯಂತ್ರ ತಾನಾಗಿಯೇ ಮರುಪ್ರಾರಂಭವಾಗುವಂತೆ ಏರ್ಪಡಿಸುತ್ತಾರೆ. ಎರಡನೆಯ ಸಲ ಅದು ಹಳೆಯ ಕರ್ನೆಲ್ಲಿಗೇ ಮರಳುತ್ತದೆ.

ಆದರೆ ಹಳೆಯದು ತಂಗುದಾಣವೇ ಹೊರತು ಮನೆಯಲ್ಲ. ಹೊಸ ಆವೃತ್ತಿ ಮುಚ್ಚಿದ ಭದ್ರತೆಯ ಬಿರುಕುಗಳು ಅದರಲ್ಲಿ ತೆರೆದೇ ಇರುತ್ತವೆ. ಎಲ್ಲವನ್ನೂ ಕೂಡಿಡುತ್ತ ಹೋದರೆ ಡಿಸ್ಕಿನಲ್ಲಿ ಅವಕ್ಕೆ ಮೀಸಲಾದ ಭಾಗ ತುಂಬಿಹೋಗುತ್ತದೆ. ‘ಫೆಡೋರಾ’ ವ್ಯವಸ್ಥೆ ಮೂರನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆಯುತ್ತದೆ. ಈ ಲೆಕ್ಕ ಹದವಾಗಿದೆ. ಜಾಗ ಉಳಿಸುವ ಆತುರದಲ್ಲಿ ಹಳೆಯದನ್ನೆಲ್ಲ ಅಳಿಸಿ ಒಂದನ್ನೇ ಇಟ್ಟುಕೊಳ್ಳುವ ಅಚ್ಚುಕಟ್ಟುಗಾರರೂ ಇದ್ದಾರೆ. ಅವರಿಗೆ ಪಟ್ಟಿ ಕಾಣುತ್ತದೆ, ಆಯ್ಕೆ ಇರುವುದಿಲ್ಲ.

ಡೆಬಿಯನ್ನಿನ ಸ್ವಯಂಸೇವಕರು ಮರುದಿನವೇ, ಡಿಸೆಂಬರ್ 10ರಂದು, ದೋಷ ನೀಗಿದ 6.1.66 ಕರ್ನೆಲ್ಲಿನೊಡನೆ 12.4 ಆವೃತ್ತಿಯನ್ನು ಹೊರತಂದರು. ಇದನ್ನು ಸ್ಥಾಪಿಸಿಕೊಂಡವರಿಗೆ ಇನ್ನೊಂದು ಕೆಲಸ ಉಳಿದಿತ್ತು. ಕೆಟ್ಟ ಕರ್ನೆಲ್ ಬಂದಿದ್ದ ಯಂತ್ರಗಳಲ್ಲಿ ಈಗ ಅದೇ ‘ಹಳೆಯ ಕರ್ನೆಲ್’ ಆಗಿ, ಪಟ್ಟಿಯ ಎರಡನೆಯ ಸ್ಥಾನದಲ್ಲಿ ಸಭ್ಯನಂತೆ ಕುಳಿತಿತ್ತು. ಅದನ್ನು ಹುಡುಕಿ ತೆಗೆದುಹಾಕಬೇಕಾಗಿತ್ತು.