ಎಡೆಯ ಮುಂದೊಂದು ಕಿಡ್ನಿ ಟ್ರೇ

ಮಹಾಲಯ ಅಮಾವಾಸ್ಯೆಗೆ ಕ್ಯಾಸಂಬಳ್ಳಿಯ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತಾತನ ಫೋಟೊ, ಹೊಸ ಪಂಚೆ, ಬಾಳೆ ಎಲೆ ಮೇಲೆ ಮುದ್ದೆ, ವಡೆ, ಕಜ್ಜಾಯ. ಇವೆಲ್ಲ ಊರಿನ ಎಲ್ಲ ಮನೆಗಳಲ್ಲೂ ಇರುವಂಥವೇ. ಎಲೆಅಡಿಕೆಗೆ ಮಾತ್ರ ಅಜ್ಜಿ ಹಿತ್ತಾಳೆ ತಟ್ಟೆ ಮುಟ್ಟುವುದಿಲ್ಲ. ಅಟ್ಟದಿಂದ ಬಿಳಿ ಎನಾಮಲ್ಲಿನ ಕಿಡ್ನಿ ಟ್ರೇ ಒಂದನ್ನು ಇಳಿಸಿ, ಸೀಗೆಪುಡಿ ಹಾಕಿ ತಿಕ್ಕಿ, ಅದರಲ್ಲಿ ಇಡುತ್ತಾಳೆ. ನೀಲಿ ಅಂಚಿನ ಬಣ್ಣ ಮೂರು ಕಡೆ ಚಕ್ಕೆ ಎದ್ದು ಕಪ್ಪು ಕಬ್ಬಿಣ ಕಾಣುತ್ತದೆ.

ಮೊದಲ ವರ್ಷ ನಮ್ಮ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. ‘ಕೀವು ಹಿಡಿಯೋ ತಟ್ಟೇಲಿ ಎಲೆಅಡಿಕೆ ಇಡೋದಾ ಅತ್ತೆ?’ ಎಂದಳು. ಅಜ್ಜಿ ತಲೆ ಎತ್ತದೆ ಹೇಳಿದಳು: ‘ಈ ಮನೆಗೆ ಅನ್ನ ಬಂದಿದ್ದೇ ಆ ತಟ್ಟೇಲಿ. ನೀನು ದೀಪ ಹಚ್ಚು.’

ತಾತ ಕೋಲಾರ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದ. ಗಾಯ ತೊಳೆದು, ಔಷಧಿ ಹಚ್ಚಿ, ಬ್ಯಾಂಡೇಜು ಕಟ್ಟುವ ಕೆಲಸ. 1957ರಲ್ಲಿ ಸೇರಿ 1995ರಲ್ಲಿ ನಿವೃತ್ತನಾದ. ಮೂವತ್ತೆಂಟು ವರ್ಷ ಒಂದೇ ಕೆಲಸ. ಆಸ್ಪತ್ರೆಯ ಹಳೆಯ ಸಾಮಾನು ಹರಾಜಿಗೆ ಬಂದಾಗ ದುಡ್ಡು ಕೊಟ್ಟು ಕೊಂಡುತಂದ ಒಂದೇ ವಸ್ತು ಆ ಟ್ರೇ.

ಮೂಗಿಗೆ ಮೊದಲು ಗೊತ್ತಾಗುತ್ತಿದ್ದ

ನಮ್ಮೂರು ಹೊರಗಿನವರಿಗೆ ಗೊತ್ತಿರುವುದು ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಊರೆಂದು. ಅವರು 1947ರಲ್ಲಿ ಅಧಿಕಾರಕ್ಕೆ ಬಂದಾಗ ತಾತನಿಗೆ ಹತ್ತು ವರ್ಷ. ರಾಗಿ ಹೊಲವಿತ್ತು, ಮಳೆ ಇರಲಿಲ್ಲ. ಕೆರೆ ತುಂಬಿದರೆ ಊಟ, ಇಲ್ಲವಾದರೆ ಗಣಿ. ಆಗ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಈ ಕಡೆಯ ಹಳ್ಳಿಗಳಿಂದ ಎಷ್ಟೋ ಜನ ಹಾಗೆಯೇ ಸೈಕಲ್ ತುಳಿದು ಗಣಿಗೆ ಹೋದರು. 1956ರಲ್ಲಿ ಗಣಿಗಳು ಕಂಪನಿಯ ಕೈಯಿಂದ ರಾಜ್ಯ ಸರ್ಕಾರದ ಕೈಗೆ ಬಂದವು. ಮರುವರ್ಷ ತಾತನಿಗೆ ಕೆಲಸ ಸಿಕ್ಕಿತು. ಭೂಮಿಯೊಳಗೆ ಇಳಿಯುವ ಕೆಲಸವಲ್ಲ ಎಂದು ಅವನ ಅಮ್ಮ ಮಾರಮ್ಮನಿಗೆ ತಂಬಿಟ್ಟಿನ ಆರತಿ ಬೆಳಗಿದಳಂತೆ.

‘ನಿಮ್ಮ ತಾತ ಬಂದ್ರೆ ಮೊದ್ಲು ಮೂಗಿಗೆ ಗೊತ್ತಾಗೋದು, ಆಮೇಲೆ ಕಣ್ಣಿಗೆ’ ಎನ್ನುತ್ತಾಳೆ ಅಜ್ಜಿ. ಲೈಸಾಲ್, ಸ್ಪಿರಿಟ್, ಟಿಂಚರ್ ಅಯೋಡಿನ್ ಮೂರೂ ಕಲೆತ ವಾಸನೆ. ಮದುವೆಯಾದ ಹೊಸದರಲ್ಲಿ ಅವಳಿಗೆ ವಾಕರಿಕೆ ಬರುತ್ತಿತ್ತಂತೆ. ಆಮೇಲೆ ಆ ವಾಸನೆ ಇಲ್ಲದೆ ನಿದ್ದೆ ಬರದಂತಾಯಿತು. ತಾತ ಬಂದವನು ಸೀದಾ ಒಳಗೆ ಬರುತ್ತಿರಲಿಲ್ಲ. ಹಿತ್ತಲಲ್ಲಿ ಖಾಕಿ ಬಿಚ್ಚಿ ಬಿಸಿನೀರಿನ ಗುಡಾಣಕ್ಕೆ ಹಾಕಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡ ಮೇಲೆಯೇ ಮಕ್ಕಳನ್ನು ಮುಟ್ಟುತ್ತಿದ್ದದ್ದು. 2020ರಲ್ಲಿ ದೇಶವೆಲ್ಲ ಕೈ ತೊಳೆಯುವುದನ್ನು ಕಲಿಯುವಾಗ ಅಜ್ಜಿ ಟಿ.ವಿ. ನೋಡುತ್ತಾ, ‘ಅಷ್ಟೇನಾ? ಉಗುರು ಸಂದಿ ಬಿಟ್ರು’ ಎಂದಳು.

ಮೂರು ದಿಂಬು

ಗಣಿಯ ಗಾಯಗಳು ಬೇರೆಯೇ ಜಾತಿಯವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಅಷ್ಟು ಆಳದಲ್ಲಿ ಕಲ್ಲನ್ನು ಕೊರೆದು ತೆಗೆದಂತೆ ಸುತ್ತಲಿನ ಬಂಡೆಯ ಮೇಲೆ ಒತ್ತಡ ಕೂಡಿ, ಒಮ್ಮೊಮ್ಮೆ ಅದು ಸಿಡಿದುಬಿಡುತ್ತದೆ. ಗಣಿಯವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಮೇಲೆ ಕಾಲೊನಿಯ ಲೈನುಗಳಲ್ಲಿ ಪಾತ್ರೆ ಅದುರುತ್ತಿದ್ದಂತೆ ಹೆಂಗಸರು ಒಲೆ ಬಿಟ್ಟು ಗಣಿಬಾಯಿಗೆ ಓಡುವರು. ತಾತ ಆಸ್ಪತ್ರೆಯ ಬಾಗಿಲಿಗೆ ಓಡುವನು. ಬಂದವರ ಚರ್ಮದೊಳಗೆ ಕಲ್ಲಿನ ಚೂರುಗಳು. ಒಂದೊಂದನ್ನೇ ಇಕ್ಕಳದಲ್ಲಿ ಕಿತ್ತು ಟ್ರೇಗೆ ಹಾಕಿದರೆ ‘ಟಣ್’ ಎನ್ನುವುದು. ಆ ಸದ್ದು ಎಣಿಸುತ್ತಾ ಇರು ಎಂದು ಗಾಯಾಳುವಿಗೇ ಹೇಳುತ್ತಿದ್ದನಂತೆ. ಎಣಿಸುವವನಿಗೆ ನೋವು ಕಡಿಮೆ ಎಂಬುದು ಅವನ ಲೆಕ್ಕ.

ಆ ವಾರ್ಡಿನಲ್ಲಿ ಒಂದು ಭಾಷೆ ಸಾಲದು. ‘ನೋಯ್ತದಾ?’ ‘ವಲಿಕ್ಕುದಾ?’ ‘ನೊಪ್ಪಿಗಾ ಉಂದಾ?’ ಎಂದು ಮಂಚದಿಂದ ಮಂಚಕ್ಕೆ ಕನ್ನಡ, ತಮಿಳು, ತೆಲುಗು ಬದಲಾಯಿಸುತ್ತಾ ಹೋಗಬೇಕು. ತಾತ ಓದಿದ್ದು ನಾಲ್ಕನೇ ಕ್ಲಾಸು. ನೋವಿನ ಮಾತು ಮಾತ್ರ ಮೂರು ಭಾಷೆಯಲ್ಲೂ ಬರುತ್ತಿತ್ತು.

ಏರ್‌ಬ್ಲಾಸ್ಟಿಗಿಂತ ಅವನನ್ನು ಹೆಚ್ಚು ಕಾಡಿದ್ದು ದೂಳು. ಇಲ್ಲಿನ ಚಿನ್ನ ಇರುವುದು ಬಿಳಿಗಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ, ಕಣ್ಣಿಗೂ ಕಾಣದ ಸಿಲಿಕಾ ಪುಡಿ ಶ್ವಾಸಕೋಶಕ್ಕೆ ಇಳಿದರೆ ಮತ್ತೆ ಬರುವುದಿಲ್ಲ. ಅಲ್ಲೇ ಗಾಯ ಮಾಡಿ, ಗಂಟು ಕಟ್ಟಿ, ಉಸಿರಾಟದ ಜಾಗ ತಿನ್ನುತ್ತದೆ. ಕೆಲಸ ಬಿಟ್ಟರೂ ಕಾಯಿಲೆ ಬಿಡದು, ಹಿಂದೆಯೇ ಕ್ಷಯವೂ ಬರಬಹುದು. 1940ರ ದಶಕದಲ್ಲಿ ಇಲ್ಲಿನ 7,653 ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತ್ತು. ನೀರು ಚಿಮ್ಮಿಸುತ್ತಾ ಕೊರೆಯುವ ಪದ್ಧತಿ, ಗಾಳಿಯ ವ್ಯವಸ್ಥೆ ದೂಳನ್ನು ತಗ್ಗಿಸಿದವು. ಆದರೆ ಒಳಗೆ ಸೇರಿದ್ದಕ್ಕೆ ಮದ್ದು ಇಂದಿಗೂ ಇಲ್ಲ.

ಸಿಲಿಕೋಸಿಸ್ ರೋಗಿಗಳ ವಾರ್ಡಿನಲ್ಲಿ ಡ್ರೆಸ್ಸರ್‌ಗೆ ಕಟ್ಟಲು ಗಾಯವೇ ಇಲ್ಲ. ಆದರೂ ಡ್ಯೂಟಿ ಮುಗಿಸಿ ತಾತ ಆ ವಾರ್ಡಿಗೆ ಹೋಗುತ್ತಿದ್ದ. ಅವರು ಮಲಗಿದರೆ ಉಸಿರು ಕಟ್ಟುತ್ತದೆ. ಬೆನ್ನಿಗೆ ಮೂರು ದಿಂಬು ಕೊಟ್ಟು ಒರಗಿಸಬೇಕು. ನಿಂತು ಮಾತಾಡಿದರೆ ಅವರು ದನಿ ಎತ್ತಬೇಕಾಗುತ್ತದೆಂದು ಸ್ಟೂಲು ಎಳೆದುಕೊಂಡು ಕಿವಿಯನ್ನು ಅವರ ಬಾಯಿಯ ಹತ್ತಿರ ಇಟ್ಟು ಕೂರುತ್ತಿದ್ದ. ‘ಕಿಟಕಿ ತೆಗೀರಪ್ಪ, ಗಾಳಿ ಆಡಲಿ’ ಎಂಬುದು ಅವನ ಬಾಯಲ್ಲಿ ನಿಂತ ಮಾತು. ಮನೆಯಲ್ಲಿ ಚಳಿಗಾಲದಲ್ಲೂ ಕಿಟಕಿ ಮುಚ್ಚಲು ಬಿಡದೆ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಿದ್ದ.

ಜಗಲಿಯ ಆಸ್ಪತ್ರೆ

ನಾನು ಕಂಡ ತಾತ ನಿವೃತ್ತಿಯ ನಂತರದವನು. ಬೆಳಗ್ಗೆ ಆರಕ್ಕೆ ಜಗಲಿ ಮೇಲೆ ಕುಡುಗೋಲು ತಾಗಿದವರು, ಮುಳ್ಳು ಮುರಿದುಕೊಂಡವರು, ಕುರು ಎದ್ದ ಮಕ್ಕಳು. ಅಜ್ಜಿಯ ಹಳೆಯ ನೂಲಿನ ಸೀರೆಯನ್ನು ಮೂರು ಬೆರಳಗಲ ಹರಿದು, ಕುದಿಸಿ, ಒಣಗಿಸಿ, ತೊಡೆ ಮೇಲಿಟ್ಟು ಅಂಗೈಯಲ್ಲಿ ಉರುಳಿಸಿ ಸುತ್ತುತ್ತಿದ್ದ. ಸುರುಳಿ ಬಿಗಿ ಇಲ್ಲದಿದ್ದರೆ ಬಿಚ್ಚಿ ಮತ್ತೆ ಸುತ್ತುವನು. ‘ಸಡಿಲ ಕಟ್ಟಿದ್ರೆ ಜಾರ್ತದೆ, ಬಿಗಿ ಕಟ್ಟಿದ್ರೆ ರಕ್ತ ನಿಲ್ತದೆ. ಕಟ್ಟಿದ ಮೇಲೆ ಉಗುರು ಒತ್ತಿ ನೋಡು. ಬಿಳುಪಾಗಿ ತಿರುಗಿ ಕೆಂಪಾಗ್ಬೇಕು’ ಎಂದು ನನ್ನ ಬೆರಳಿನ ಮೇಲೆಯೇ ಕಲಿಸಿದ. ಸೂಜಿ ಮಾತ್ರ ಹಿಡಿಯುತ್ತಿರಲಿಲ್ಲ. ಹಾವು ಕಚ್ಚಿದ್ದು, ಎದೆನೋವು, ಬಾಣಂತಿಯ ಜ್ವರ ಎಂದರೆ ತಾನೇ ಆಟೊ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದ. ತನಗೆ ಎಲ್ಲಿಯವರೆಗೆ ಗೊತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಜ್ಜಿಗೆ ಈ ಜಗಲಿ ಸೇವೆಯ ಮೇಲೆ ಸಿಟ್ಟೂ ಇತ್ತು. ‘ಊರಿನ ಗಾಯಕ್ಕೆಲ್ಲ ನನ್ನ ಸೀರೆ ಆಯ್ತು’ ಎಂದು ಗೊಣಗುತ್ತಲೇ ಇನ್ನೊಂದು ಸೀರೆ ತೆಗೆದುಕೊಡುತ್ತಿದ್ದಳು. ಸಂಕ್ರಾಂತಿಗೆ ತಾತ ತಪ್ಪದೆ ತರುತ್ತಿದ್ದದ್ದು ನೂಲಿನ ಸೀರೆಯನ್ನೇ. ಪಾಲಿಯೆಸ್ಟರ್ ನೀರು ಹೀರುವುದಿಲ್ಲ ಎಂಬ ಕಾರಣಕ್ಕೋ, ಅಜ್ಜಿಗೆ ನೂಲು ಇಷ್ಟವೆಂದೋ, ಅವಳು ಇವತ್ತಿಗೂ ತೀರ್ಮಾನಿಸಿಲ್ಲ.

2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಬದುಕು ಅರಸಿ ಸಾವಿರಾರು ಮಂದಿ ದಿನಾ ನಸುಕಿನಲ್ಲೇ ಬೆಂಗಳೂರಿನ ರೈಲು ಹತ್ತತೊಡಗಿದರು. ಆಸ್ಪತ್ರೆಯೂ ಪಾಳು ಬಿತ್ತು. ಆ ಕಡೆ ಹೋದಾಗಲೆಲ್ಲ ತಾತ ಬಸ್ಸಿನ ಇನ್ನೊಂದು ಬದಿಗೆ ಕೂರುತ್ತಿದ್ದ. 2019ರಲ್ಲಿ ತೀರಿಕೊಂಡ. ಎರಡು ವರ್ಷದ ನಂತರ ಕೊರೊನಾ ಎರಡನೇ ಅಲೆಯಲ್ಲಿ ಸ್ವಯಂಸೇವಕರು ಪೊರಕೆ ಹಿಡಿದು, ಅದೇ ಆಸ್ಪತ್ರೆಯ ದೂಳು ಗುಡಿಸಿ, ಮಂಚ ಹಾಕಿ ಸಜ್ಜುಗೊಳಿಸಿದರು. ಸುದ್ದಿ ನೋಡುತ್ತಿದ್ದ ಅಜ್ಜಿ ಹೇಳಿದ್ದು ಒಂದೇ ಮಾತು: ‘ಕಿಟಕಿ ತೆಗೆದವ್ರಾ ನೋಡ್ರೋ.’

ಕೆಜಿಎಫ್ ಎಂದರೆ ಈಗಿನ ಹುಡುಗರಿಗೆ ಸಿನಿಮಾ, ಹಿರಿಯರಿಗೆ ಚಿನ್ನ. 120 ವರ್ಷಗಳಲ್ಲಿ ಇಲ್ಲಿಂದ ಹೋದ ಚಿನ್ನ ಸುಮಾರು 800 ಟನ್ ಎಂದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಆ ಚಿನ್ನ ತೆಗೆದವರ ಗಾಯ ತೊಳೆದ ಡ್ರೆಸ್ಸರುಗಳು, ಆಯಾಗಳು, ವಾರ್ಡ್‌ಬಾಯ್‌ಗಳು, ಕಾಂಪೌಂಡರುಗಳ ಹೆಸರು ಅವರವರ ಮನೆಯ ಫೋಟೊಗಳ ಕೆಳಗಷ್ಟೇ ಉಳಿದಿದೆ. ಅವರ ಜೊತೆ ಬಾಳಿದ ಹೆಂಡಂದಿರಿಗೆ, ಗಂಡಂದಿರಿಗೆ ಈಗ ಎಂಬತ್ತರ ಆಸುಪಾಸು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ಪಕ್ಷಕ್ಕೆ ಎಡೆ ಇಡುವ ಮುಂಚೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಕೇಳಿ. ಯಾವ ವಾರ್ಡು, ಯಾವ ಶಿಫ್ಟು, ಯಾರ ಗಾಯ ಎಂದು ಬರೆದಿಡಿ. ನಾನು ಅಜ್ಜಿಯ ಬಾಯಿಂದ ಕೇಳಿ ಇಷ್ಟು ಬರೆದಿದ್ದೇನೆ. ಇನ್ನೂ ಮುಗಿದಿಲ್ಲ.