ನಾಯಿಯ ಅಗಿಯುವ ತಿನಿಸು: ಅಗ್ಗದ ಸರಕಿನ ನಿಜವಾದ ವೆಚ್ಚ

ತೆರಿಗೆ ಮತ್ತು ಲೆಕ್ಕಪತ್ರಗಳ ವಿಷಯವನ್ನೇ ಬರೆದು ರೂಢಿಯಾಗಿರುವ ಲೆಕ್ಕಪರಿಶೋಧಕನೊಬ್ಬನು ನಾಯಿಗಳ ತಿನಿಸಿನ ಕುರಿತು ಬರೆಯಲು ಹೊರಟಿರುವುದನ್ನು ಕಂಡು ಸದಸ್ಯ ಮಿತ್ರರಿಗೆ ಆಶ್ಚರ್ಯವಾಗಬಹುದು. ಆದರೆ ಸಾಕುಪ್ರಾಣಿಗಳ ಸಾಮಗ್ರಿಯು ಈಗ ಅದಕ್ಕೆಂದೇ ಇರುವ ಅಂಗಡಿಗಳಿಗೆ ಸೀಮಿತವಾಗಿ ಉಳಿದಿಲ್ಲ. ದಿನಸಿ ಅಂಗಡಿ, ಔಷಧದ ಅಂಗಡಿ, ಸೂಪರ್ ಮಾರ್ಕೆಟ್‌ಗಳಲ್ಲಿ ಅದಕ್ಕೆ ಒಂದು ಕಪಾಟು ಮೀಸಲಾಗಿದೆ. ಆ ಕಪಾಟಿನಲ್ಲಿ ಗ್ರಾಹಕನು ಹೆಚ್ಚು ಯೋಚಿಸದೆ ಕೊಳ್ಳುವ, ವರ್ತಕನೂ ಹೆಚ್ಚು ಯೋಚಿಸದೆ ಮಾರುವ ಸರಕೆಂದರೆ ‘ಚ್ಯೂ’ ಎಂದು ಕರೆಯಲಾಗುವ ಅಗಿಯುವ ತಿನಿಸು. ಅದರ ಬೆಲೆ ಅಲ್ಪ, ಲಾಭಾಂಶ ಒಳ್ಳೆಯದು. ಹಾಗಾಗಿ ಅದರ ಮೂಲವನ್ನು ಯಾರೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಿರಲಿಲ್ಲ.

ಕಳೆದ ವರ್ಷ ಕಕ್ಷಿದಾರರೊಬ್ಬರ ಅಂಗಡಿಯಲ್ಲಿ ವರ್ಷಾಂತ್ಯದ ದಾಸ್ತಾನು ಪರಿಶೀಲಿಸುತ್ತಿದ್ದಾಗ, ಮೂಳೆಯ ಆಕಾರಕ್ಕೆ ಗಂಟು ಹಾಕಿದ ಬಿಳಿಯ ತೊಗಲಿನ ಚ್ಯೂಗಳು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಡಿಯಾಗಿ ತುಂಬಿದ್ದವು. ಖರೀದಿಯ ದಾಖಲೆಯೆಂದರೆ ‘ನಾಯಿ ಬೋನ್, 20 ಕೆ.ಜಿ.’ ಎಂದು ಬರೆದ ಒಂದು ಚೀಟಿ ಮಾತ್ರ. ತೂಕ ಸರಿಹೊಂದಿತೆಂದು ನಾನು ಗುರುತು ಹಾಕಿ ಮುಂದೆ ಹೋದೆ. ಹೊರಡುವಾಗ ಮನೆಯ ಲ್ಯಾಬ್ರಡಾರ್ ನಾಯಿಗೆಂದು ನಾಲ್ಕು ತುಂಡುಗಳನ್ನು ಹಣ ಕೊಟ್ಟೇ ತಂದೆ. ಒಂದರ ಬೆಲೆ 40 ರೂಪಾಯಿ. ಎರಡು ವಾರಗಳ ನಂತರ ನಾಯಿಯು ಕೊನೆಯ ತುಂಡಿನ ಗಂಟನ್ನು ಇಡಿಯಾಗಿ ನುಂಗಿತು. ಎರಡು ದಿನ ವಾಂತಿ, ಬಳಿಕ ಎಕ್ಸ್‌ರೇ, ಸ್ಕ್ಯಾನಿಂಗ್, ಕೊನೆಗೆ ಕರುಳಿನ ಶಸ್ತ್ರಚಿಕಿತ್ಸೆ. ನಾಯಿ ಉಳಿಯಿತು, ಬಿಲ್ಲು 38,000 ರೂಪಾಯಿ ಆಯಿತು. ಇದು ಯಾವುದರಿಂದ ಮಾಡಿದ ವಸ್ತು, ಯಾವ ರಾಸಾಯನಿಕದಿಂದ ಸಂಸ್ಕರಿಸಿದ್ದು ಎಂದು ಪಶುವೈದ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಂಗಡಿಯವರನ್ನು ಕೇಳಿದೆ, ಅವರು ಸಗಟು ವ್ಯಾಪಾರಿಯನ್ನು ಕೇಳಿದರು. ಅವರಲ್ಲಿಯೂ ಉತ್ತರವಿರಲಿಲ್ಲ. ಆ ಚೀಟಿಯನ್ನು ಒಪ್ಪಿಕೊಂಡವನು ನಾನೇ ಆದ್ದರಿಂದ ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ.

ಯಾವುದರಿಂದ ಮಾಡಿದ್ದು?

ಅಗಿಯುವುದು ನಾಯಿಯ ಸಹಜ ಸ್ವಭಾವ. ಮರಿಯ 28 ಹಾಲುಹಲ್ಲುಗಳು ಬಿದ್ದು 42 ಶಾಶ್ವತ ಹಲ್ಲುಗಳು ಬರುವ ತಿಂಗಳುಗಳಲ್ಲಿ ಅದಕ್ಕೆ ಏನಾದರೂ ಅಗಿಯಲು ಕೊಡದಿದ್ದರೆ ಮನೆಯ ಚಪ್ಪಲಿ, ಕುರ್ಚಿಯ ಕಾಲುಗಳು ಉಳಿಯುವುದಿಲ್ಲ. ಆದುದರಿಂದ ಈ ಸರಕು ಅನಗತ್ಯವೆಂದು ನಾನು ಹೇಳುತ್ತಿಲ್ಲ.

ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವುದು ತೊಗಲಿನ ಚ್ಯೂ. ಇದು ಚರ್ಮೋದ್ಯಮದ ಉಪೋತ್ಪನ್ನ. ಮೇಲ್ಪದರವು ಪಾದರಕ್ಷೆ, ಚೀಲಗಳ ತಯಾರಿಕೆಗೆ ಹೋದ ಮೇಲೆ ಉಳಿಯುವ ಒಳಪದರವನ್ನು ತೊಳೆದು, ಹಲವು ಸಂದರ್ಭಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬಿಳುಪುಗೊಳಿಸಿ, ಸುರುಳಿ ಸುತ್ತಿ ಒಣಗಿಸಲಾಗುತ್ತದೆ. ಅಗಿದಂತೆ ಇದು ಮೃದುವಾಗಿ ಉಬ್ಬುತ್ತದೆ. ದೊಡ್ಡ ಚೂರನ್ನು ನುಂಗಿದರೆ ಬೇಗ ಕರಗದೆ ಗಂಟಲಿನಲ್ಲಿಯೋ ಕರುಳಿನಲ್ಲಿಯೋ ಸಿಕ್ಕಿಕೊಳ್ಳಬಹುದು. ಸಂಸ್ಕರಣೆಯ ವಿಷಯದಲ್ಲಿ ಒಂದು ನಿದರ್ಶನ ಗಮನಾರ್ಹ. 2017ರ ಜೂನ್‌ನಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿಯು ತನ್ನ ಹಲವು ಹೆಸರುಗಳ ತೊಗಲಿನ ಚ್ಯೂಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಮೆಕ್ಸಿಕೊ, ಕೊಲಂಬಿಯಾಗಳ ಘಟಕಗಳಲ್ಲಿಯೂ ಬ್ರೆಜಿಲ್‌ನ ಪೂರೈಕೆದಾರರೊಬ್ಬರಲ್ಲಿಯೂ, ಆಹಾರ ಸಂಸ್ಕರಣಾ ಉಪಕರಣಗಳನ್ನು ತೊಳೆಯಲು ಅನುಮತಿಯಿರುವ ಕ್ವಾಟರ್ನರಿ ಅಮೋನಿಯಂ ಎಂಬ ಸೋಂಕುನಿವಾರಕವನ್ನು ತೊಗಲಿಗೇ ಬಳಸಿದ್ದುದು ಕಂಡುಬಂದಿತ್ತು. ಹಿಂದಕ್ಕೆ ಪಡೆಯಲು ಸಾಧ್ಯವಾದುದು ಪೊಟ್ಟಣದ ಮೇಲೆ ಲಾಟ್ ಸಂಖ್ಯೆ ಇದ್ದುದರಿಂದ. ನನ್ನ ಕಕ್ಷಿದಾರರ ಡಬ್ಬಿಯಲ್ಲಿದ್ದ ಸರಕನ್ನು ಯಾರು, ಯಾವ ಆಧಾರದ ಮೇಲೆ ಹಿಂದಕ್ಕೆ ಪಡೆಯಬಹುದಿತ್ತು?

ಮಾಂಸದಂಗಡಿಯ ಮೂಳೆ ಎಲ್ಲಕ್ಕಿಂತ ಅಗ್ಗ, ಹಲವೊಮ್ಮೆ ಉಚಿತ. ಆದರೆ ಬೇಯಿಸಿದ ಮೂಳೆ ಸೀಳಿ ಚೂಪಾದ ಚೂರುಗಳಾಗುತ್ತದೆ. ಅಂಗಡಿಯಲ್ಲಿ ಮಾರುವ, ಹೊಗೆಯಾಡಿಸಿ ಒಣಗಿಸಿದ ಮೂಳೆಗಳ ಬಗ್ಗೆ 2010ರ ನವೆಂಬರ್‌ನಿಂದ 2017ರ ಸೆಪ್ಟೆಂಬರ್‌ವರೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ 68 ವರದಿಗಳು ಬಂದಿದ್ದವು. ಅವುಗಳಲ್ಲಿ ಸುಮಾರು 90 ನಾಯಿಗಳ ಪ್ರಸ್ತಾಪವಿದ್ದು, 15 ಸತ್ತಿದ್ದವು. ಜಿಂಕೆಯ ಕೊಂಬು, ದನದ ಗೊರಸುಗಳ ಅಪಾಯ ಬೇರೆ ಬಗೆಯದು. ಅವುಗಳ ಗಡಸುತನಕ್ಕೆ ನಾಯಿಯ ಮೇಲ್ದವಡೆಯ ದೊಡ್ಡ ಅಗಿಹಲ್ಲು ಸೀಳಿಹೋಗುವುದುಂಟು. ಪಶು ದಂತವೈದ್ಯರು ಇದಕ್ಕೆ ಸುಲಭವಾದ ಒಂದು ಪರೀಕ್ಷೆಯನ್ನು ಹೇಳುತ್ತಾರೆ: ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪವೂ ಗುರುತು ಬೀಳದ ವಸ್ತುವನ್ನು ನಾಯಿಯ ಬಾಯಿಗೆ ಕೊಡಬಾರದು.

ಗಂಟೆಯ ಲೆಕ್ಕ

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಗ್ರಾಹಕನು ಚ್ಯೂ ಕೊಳ್ಳುವುದು ತೂಕಕ್ಕಾಗಿ ಅಲ್ಲ. ನಾಯಿ ಸುರಕ್ಷಿತವಾಗಿ ಅಗಿಯುತ್ತ ಕುಳಿತಿರುವ ಹೊತ್ತಿಗಾಗಿ. ಆದ್ದರಿಂದ ತುಲನೆಯನ್ನು ಕಿಲೋ ಲೆಕ್ಕದಲ್ಲಿ ಮಾಡದೆ ಹೊತ್ತಿನ ಲೆಕ್ಕದಲ್ಲಿ ಮಾಡಬೇಕು. ನಾಯಿ ಚೇತರಿಸಿಕೊಂಡ ಮೇಲೆ ಮನೆಯಲ್ಲಿ ಕೈಗಡಿಯಾರ ಹಿಡಿದು ಇದನ್ನು ಮಾಡಿ ನೋಡಿದೆ. ಮನೆಯವರು ನಕ್ಕರು.

ತೊಗಲಿನ ಚ್ಯೂ 40 ರೂಪಾಯಿಯದು ನಮ್ಮ ಮನೆಯಲ್ಲಿ 20 ನಿಮಿಷ ನಡೆಯುತ್ತಿತ್ತು. ಕೊನೆಯ ತುಂಡನ್ನು ಕಿತ್ತುಕೊಂಡು ಎಸೆಯಲೇಬೇಕೆಂಬ ನಿಯಮ ಪಾಲಿಸಿದರೆ ಕಾಲುಭಾಗ ಸರಕು ವ್ಯರ್ಥವಾಗಿ 15 ನಿಮಿಷವಷ್ಟೇ ಉಳಿಯುತ್ತದೆ. ಅಂದರೆ ಗಂಟೆಗೆ 160 ರೂಪಾಯಿ. ಹಿಮಾಲಯದ ಛುರ್ಪಿ, ಅಂದರೆ ಚಮರೀಮೃಗ ಮತ್ತು ಹಸುವಿನ ಹಾಲನ್ನು ಉಪ್ಪು, ನಿಂಬೆರಸದಿಂದ ಒಡೆಸಿ, ಹಿಂಡಿ, ಒಣಗಿಸಿ ಕಲ್ಲಿನಂತೆ ಮಾಡಿದ ಗಿಣ್ಣು, 200 ರೂಪಾಯಿಯ ಒಂದು ತುಂಡು ಅರ್ಧ ಗಂಟೆಯಂತೆ ನಾಲ್ಕು ಸಲ ಬಂತು. ಗಂಟೆಗೆ 100 ರೂಪಾಯಿ. ನೇಪಾಳದ ಬೆಟ್ಟದ ಜನರು ತಾವೇ ಜಗಿಯಲು ಮಾಡಿಕೊಳ್ಳುತ್ತಿದ್ದ ಈ ಪದಾರ್ಥವು ನಾಯಿಯ ತಿನಿಸಾಗಿ ಅಮೆರಿಕದ ಪೇಟೆಗೆ ರಫ್ತಾಗುವಷ್ಟು ಬೆಳೆದದ್ದು ಸಣ್ಣ ಉದ್ಯಮಿಗಳು ಗಮನಿಸಬೇಕಾದ ಸಂಗತಿ. ಆದರೆ ಲೆಕ್ಕದಲ್ಲಿ ಗೆದ್ದ ಛುರ್ಪಿ ಉಗುರಿನ ಪರೀಕ್ಷೆಯಲ್ಲಿ ಸೋತಿತು; ಎಂಟು ವರ್ಷದ ನಮ್ಮ ನಾಯಿಗೆ ಅದು ಬೇಡವೆಂದು ವೈದ್ಯರು ಹೇಳಿದರು.

ಮೂರನೆಯದು ಗಟ್ಟಿ ರಬ್ಬರಿನ ಟೊಳ್ಳು ಆಟಿಕೆ. ಬೆಲೆ 500 ರೂಪಾಯಿ. ಒಳಗೆ ಉಪ್ಪಿಲ್ಲದ ಮೊಸರನ್ನ ತುಂಬಿ ಶೈತ್ಯಪೆಟ್ಟಿಗೆಯಲ್ಲಿ ಗಡ್ಡೆಕಟ್ಟಿಸಿ ಕೊಟ್ಟರೆ ಅರ್ಧ ಗಂಟೆ ನೆಕ್ಕುತ್ತದೆ, ಅಗಿಯುತ್ತದೆ. ವರ್ಷಕ್ಕೆ 200 ದಿನ ಬಳಸಿದರೆ ದಿನಕ್ಕೆ ಎರಡೂವರೆ ರೂಪಾಯಿ ಸವಕಳಿ. ತುಂಬಿದ ಅನ್ನವನ್ನೂ ಸೇರಿಸಿದರೆ ಗಂಟೆಗೆ 15 ರೂಪಾಯಿ ದಾಟುವುದಿಲ್ಲ. ಹಸಿ ಗಜ್ಜರಿಯೊಂದು 6 ರೂಪಾಯಿಗೆ ಹತ್ತು ನಿಮಿಷ, ಅಂದರೆ ಗಂಟೆಗೆ 36 ರೂಪಾಯಿ. ಹೀಗೆ ಕಿಲೋ ಲೆಕ್ಕದಲ್ಲಿ ಅಗ್ಗವೆನಿಸಿದ ತೊಗಲಿನ ಚ್ಯೂ, ಶಸ್ತ್ರಚಿಕಿತ್ಸೆಯ ಬಿಲ್ಲನ್ನು ಹೊರಗಿಟ್ಟೂ ಎಲ್ಲಕ್ಕಿಂತ ದುಬಾರಿಯಾಗಿ ಪರಿಣಮಿಸಿತು. ಯಾವ ತಿನಿಸನ್ನು ಆರಿಸಿದರೂ ತಿನಿಸುಗಳೆಲ್ಲ ಸೇರಿ ದಿನದ ಒಟ್ಟು ಕ್ಯಾಲೊರಿಯ ಶೇ. 10ನ್ನು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ.

ಬಿಡಿ ಮಾರಾಟದ ಹೊಣೆ

ಬಿಡಿಯಾಗಿ ಮಾರುವ ಚ್ಯೂಗಳಿಂದ ಅಪಾಯ ನಾಯಿಗಷ್ಟೇ ಅಲ್ಲ. 2019ರಲ್ಲಿ ಅಮೆರಿಕದಲ್ಲಿ ಒಣಗಿಸಿದ ಹಂದಿಕಿವಿಯ ತಿನಿಸಿನ ಮೂಲಕ ಸಾಲ್ಮೊನೆಲ್ಲಾ ಸೋಂಕು ಹರಡಿ 34 ರಾಜ್ಯಗಳಲ್ಲಿ 154 ಮಂದಿ ಮನುಷ್ಯರು ಕಾಯಿಲೆ ಬಿದ್ದರು. ಅವುಗಳಲ್ಲಿ ಹಲವು ಅಂಗಡಿಯ ತೆರೆದ ಡಬ್ಬಿಗಳಿಂದ ಬಿಡಿಯಾಗಿ ಮಾರಿದವು. ಆ ವರ್ಷದ ಜುಲೈ ಅಂತ್ಯದಲ್ಲಿ ಎಲ್ಲ ಬಗೆಯ ಹಂದಿಕಿವಿ ತಿನಿಸಿನ ಮಾರಾಟ ನಿಲ್ಲಿಸುವಂತೆ ಅಲ್ಲಿನ ಅಧಿಕಾರಿಗಳು ವರ್ತಕರಿಗೆ ಹೇಳಬೇಕಾಯಿತು. ಒಬ್ಬರ ಸರಕಿನ ದೋಷಕ್ಕೆ ಎಲ್ಲರ ಸರಕೂ ನಿಂತಿತು.

ನಮ್ಮ ದೇಶದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಮಾನಕ ಕಾಯಿದೆಯ ‘ಆಹಾರ’ದ ವ್ಯಾಖ್ಯೆಯಿಂದ ಪಶು ಆಹಾರವನ್ನು ಹೊರಗಿಡಲಾಗಿದೆ. ಹೀಗಾಗಿ ಮನುಷ್ಯರ ಆಹಾರದ ಪರವಾನಗಿ ಸಂಖ್ಯೆಯೊಂದನ್ನು ನೋಡಿ ಚ್ಯೂ ಪರೀಕ್ಷಿತವೆಂದು ಭಾವಿಸುವುದು ತಪ್ಪು. ಭಾರತೀಯ ಮಾನಕ ಬ್ಯೂರೋ ನಾಯಿ ಮತ್ತು ಬೆಕ್ಕುಗಳ ಆಹಾರಕ್ಕೆ ಐಎಸ್ 11968 ಎಂಬ ಮಾನಕವನ್ನು ರೂಪಿಸಿದೆ. ಪೂರೈಕೆದಾರರನ್ನು ಪ್ರಶ್ನಿಸಲು ಅದು ಒಳ್ಳೆಯ ಆರಂಭ. ಪೊಟ್ಟಣದ ಸರಕಾದರೆ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಸಲ್ಲಿಸಬೇಕಾದ ವಿಳಾಸ ಇರಲೇಬೇಕು. ಆಮದು ಸರಕಿಗೆ ಮೂಲ ದೇಶದ ಹೆಸರೂ ಬೇಕು.

ವರ್ತಕ ಬಾಂಧವರು ವಿಶೇಷವಾಗಿ ಓದಬೇಕಾದುದು 2020ರ ಜುಲೈ 20ರಿಂದ ಜಾರಿಯಲ್ಲಿರುವ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ. ಸಾಮಾನ್ಯವಾಗಿ ದೋಷಯುಕ್ತ ಸರಕಿಗೆ ತಯಾರಕನೇ ಹೊಣೆ. ಆದರೆ 86ನೆಯ ಕಲಮಿನ ಪ್ರಕಾರ, ತಯಾರಕ ಯಾರೆಂದು ತಿಳಿಯದಿದ್ದರೆ, ಅಥವಾ ತಯಾರಕನು ಕೊಟ್ಟ ಎಚ್ಚರಿಕೆಯನ್ನು ಗ್ರಾಹಕನಿಗೆ ದಾಟಿಸದಿದ್ದರೆ ಮಾರಾಟಗಾರನೇ ಹೊಣೆಯಾಗಬಹುದು. ತಯಾರಕನು ಹೇಳದ ಭರವಸೆಯನ್ನು ಮಾರಾಟಗಾರನು ತಾನಾಗಿ ಕೊಟ್ಟು, ಸರಕು ಅದಕ್ಕೆ ಹೊಂದದೆ ಹಾನಿಯಾದರೂ ಹಾಗೆಯೇ. ‘ಪೂರ್ತಿ ಜೀರ್ಣವಾಗುತ್ತದೆ, ಧೈರ್ಯವಾಗಿ ಕೊಡಿ’ ಎಂಬ ಗಲ್ಲಾಪೆಟ್ಟಿಗೆಯ ಮಾತೂ ಅಂತಹ ಭರವಸೆಯೆಂದು ವಾದಿಸಲು ಅವಕಾಶವಿದೆ. ಕಾಯಿದೆಯಲ್ಲಿ ‘ಹಾನಿ’ ಎಂದರೆ ಬೇರೆ ಸ್ವತ್ತಿಗಾದ ನಷ್ಟವೂ ಸೇರುತ್ತದೆ. ಕಾನೂನಿನ ದೃಷ್ಟಿಯಲ್ಲಿ ನಾಯಿಯು ಯಜಮಾನನ ಸ್ವತ್ತು. ಮನೆಯವರ ದೃಷ್ಟಿಯಲ್ಲಿ ಯಜಮಾನ ಯಾರೆಂಬುದು ಬೇರೆ ಮಾತು.

ತೆರಿಗೆಯ ಕಡೆಯಿಂದ ನೋಡಿದರೂ ಚೀಟಿಯ ವ್ಯಾಪಾರ ನಷ್ಟದ್ದೇ. ಚಿಲ್ಲರೆ ಮಾರಾಟಕ್ಕೆ ಪೊಟ್ಟಣ ಕಟ್ಟಿದ ನಾಯಿ ಆಹಾರವನ್ನು 2017ರಲ್ಲಿ ಜಿಎಸ್‌ಟಿ ಬಂದಾಗ ಶೇ. 18ರ ದರಕ್ಕೆ ಸೇರಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ಅನೇಕ ಸರಕುಗಳ ದರಗಳು ಬದಲಾಗಿರುವುದರಿಂದ, ಬೆಲೆ ನಿಗದಿಪಡಿಸುವಾಗ ತಮ್ಮ ಸರಕಿನ ವರ್ಗೀಕರಣವನ್ನೂ ಚಾಲ್ತಿಯ ಅಧಿಸೂಚನೆಯನ್ನೂ ನೋಡಿಕೊಳ್ಳುವುದು ಲೇಸು. ಸರಿಯಾದ ಬಿಲ್ಲಿಲ್ಲದಿದ್ದರೆ ಇನ್‌ಪುಟ್ ತೆರಿಗೆಯ ಜಮೆ ಸಿಗುವುದಿಲ್ಲ. ಅವಧಿ ಮೀರಿದ್ದೆಂದು ಎಸೆದ ಸರಕಿನ ಮತ್ತು ಉಚಿತ ಮಾದರಿಯಾಗಿ ಹಂಚಿದ ಸರಕಿನ ಜಮೆಯನ್ನು 17(5)ನೆಯ ಕಲಮಿನಂತೆ ಹಿಂದಿರುಗಿಸಬೇಕಾಗುತ್ತದೆ. ಇದನ್ನು ಬಹುಪಾಲು ಅಂಗಡಿಗಳು ಮರೆಯುತ್ತವೆ.

ಸಣ್ಣ ತಯಾರಕರಿಗೆ

ಈ ಕ್ಷೇತ್ರದಲ್ಲಿ ಸಣ್ಣ ಘಟಕಗಳಿಗೆ ಅವಕಾಶವಿದೆಯೆಂಬುದರಲ್ಲಿ ನನಗೆ ಅನುಮಾನವಿಲ್ಲ. ಉದಾಹರಣೆಗೆ, ಬೆಳಗಾವಿಯ ಕಡೆ ಬೆಳೆಯುವ ಗೆಣಸನ್ನು ಬಿಲ್ಲೆ ಮಾಡಿ ಒಣಗಿಸಿದರೆ ತೊಗಲಿಗಿಂತ ಸುಲಭವಾಗಿ ಜೀರ್ಣವಾಗುವ ಚ್ಯೂ ಆಗುತ್ತದೆ. ಆದರೆ ಒಣಗಿಸಿದ ತಿನಿಸಿನ ಚರಿತ್ರೆಯನ್ನೂ ತಿಳಿದಿರಬೇಕು. 2007ರಿಂದ 2015ರ ಅಂತ್ಯದವರೆಗೆ, ಒಣಗಿಸಿದ ಕೋಳಿಮಾಂಸ, ಬಾತುಮಾಂಸ, ಗೆಣಸುಗಳ ತಿನಿಸಿನ ಬಗ್ಗೆ ಅಮೆರಿಕದ ಆಡಳಿತಕ್ಕೆ ಸುಮಾರು 5,200 ದೂರುಗಳು ಬಂದವು. ಅವುಗಳಲ್ಲಿ 1,140ಕ್ಕೂ ಹೆಚ್ಚು ನಾಯಿಗಳ ಸಾವಿನ ಪ್ರಸ್ತಾಪವಿತ್ತು. ಹೆಚ್ಚಿನವು ಚೀನಾದಿಂದ ಬಂದ ಸರಕಿನ ಬಗ್ಗೆ. ವರ್ಷಗಟ್ಟಲೆ ತನಿಖೆ ನಡೆದರೂ ನಿಖರ ಕಾರಣ ಗೊತ್ತಾಗಲಿಲ್ಲ. ಕಾರಣ ತಿಳಿಯುವವರೆಗೆ ಪೇಟೆ ಕಾಯಲಿಲ್ಲ. 2014ರಲ್ಲಿ ಅಲ್ಲಿನ ಎರಡು ದೊಡ್ಡ ಸರಣಿ ಅಂಗಡಿಗಳು ಚೀನಾದ ತಿನಿಸನ್ನು ಮಾರುವುದಿಲ್ಲವೆಂದು ಘೋಷಿಸಿದವು.

ಆದುದರಿಂದ ಘಟಕ ಆರಂಭಿಸುವವರು ಯಂತ್ರಕ್ಕಿಂತ ಮೊದಲು ಬ್ಯಾಚ್ ರಿಜಿಸ್ಟರನ್ನು ತೆರೆಯಲಿ. ಪ್ರತಿ ಬ್ಯಾಚಿನ ಮಾದರಿಯನ್ನು ಮಾರಾಟದ ಅವಧಿ ಮುಗಿಯುವವರೆಗೆ ತೆಗೆದಿಡಬೇಕು. ತೇವಾಂಶ ಉಳಿದರೆ ಬೂಷ್ಟು ಹಿಡಿಯುವುದರಿಂದ ಒಣಗಿಸುವ ಹಂತದಲ್ಲಿ ಉಳಿತಾಯ ಮಾಡಬಾರದು. ರುಚಿಗೆಂದು ಈರುಳ್ಳಿ, ಬೆಳ್ಳುಳ್ಳಿ ಪುಡಿಯನ್ನಾಗಲಿ, ಸಿಹಿಗೆಂದು ಜೈಲಿಟಾಲ್ ಅನ್ನಾಗಲಿ ಬಳಸಕೂಡದು. ಇವು ನಾಯಿಗೆ ವಿಷ. ಎಷ್ಟು ತೂಕದ ನಾಯಿಗೆ ಯಾವ ಗಾತ್ರ, ಕೊನೆಯ ತುಂಡನ್ನು ಎಸೆಯಬೇಕು, ನಾಯಿಯ ಬಳಿ ಒಬ್ಬರು ಇರಬೇಕು ಎಂಬುದನ್ನು ಕನ್ನಡದಲ್ಲಿಯೂ ಮುದ್ರಿಸಿದರೆ ಒಳ್ಳೆಯದು. ಉತ್ಪನ್ನ ಹೊಣೆಗಾರಿಕೆಯ ವಿಮೆಯ ಕಂತನ್ನು ವೆಚ್ಚದ ಲೆಕ್ಕದಲ್ಲಿ ಮೊದಲ ವರ್ಷದಿಂದಲೇ ಸೇರಿಸಿಕೊಳ್ಳತಕ್ಕದ್ದು.

ನನ್ನ ಕಕ್ಷಿದಾರರು ಆ ಡಬ್ಬಿಯಲ್ಲಿ ಉಳಿದಿದ್ದ 11 ಕಿಲೋ ಸರಕನ್ನು ನಾಶಪಡಿಸಿ ನಷ್ಟವೆಂದು ಬರೆದರು. ಈಗ ಅವರ ಕಪಾಟಿನಲ್ಲಿ ನಾಲ್ಕೇ ಬಗೆಯ ಚ್ಯೂಗಳಿವೆ. ನಾಲ್ಕಕ್ಕೂ ತಯಾರಕರ ವಿಳಾಸವಿದೆ, ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇದೆ. ಈ ಬಾರಿಯ ದಾಸ್ತಾನು ಪರಿಶೀಲನೆಯಲ್ಲಿ ಪೊಟ್ಟಣಗಳನ್ನು ತಿರುಗಿಸಿ ನೋಡಲು ನನಗೆ ಅರ್ಧ ಗಂಟೆ ಹೆಚ್ಚು ಹಿಡಿಯಿತು.